'ಹ್ಯಾಸ್ ವೆಂಟ್', 'ಐ ಸೀನ್' ಅನ್ನೋದು ತಪ್ಪಾ, ಆಡುಮಾತಾ?

ಪ್ರಶ್ನೆ:
ನಮ್ಮ ಟೀಮಿನಲ್ಲಿ ಸ್ಕಾಟ್ಲೆಂಡಿನವರೊಬ್ಬರು ಇದ್ದಾರೆ. ಕಾಲ್‌ನಲ್ಲಿ ಮಾತಾಡುವಾಗ 'ಶೀ ಹ್ಯಾಸ್ ವೆಂಟ್ ಹೋಮ್' ಅಂತಾರೆ, 'ಐ ಸೀನ್ ಯುವರ್ ಮೇಲ್' ಅಂತಾರೆ. ಮೊದಲ ಸಲ ನಾನೇ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಅಂದುಕೊಂಡೆ, ಆದರೆ ಪ್ರತಿ ಸಲವೂ ಹಾಗೇ. ಗೋ, ವೆಂಟ್, ಗಾನ್ ಅಂತ ಬಾಯಿಪಾಠ ಮಾಡಿ ಕಲಿತವಳು ನಾನು. ಹುಟ್ಟಿದಾಗಿನಿಂದ ಇಂಗ್ಲಿಷ್ ಆಡುವವರಿಗೇ ಇದು ಬರಲ್ವಾ?

ಉತ್ತರ 1:
ಬರಲ್ಲ ಅಂತಲ್ಲ, ಅದಕ್ಕೂ ಒಂದು ಲೆಕ್ಕ ಇದೆ. ಇಂಗ್ಲಿಷ್‌ನ ಹೆಚ್ಚಿನ ಕ್ರಿಯಾಪದಗಳಲ್ಲಿ ಭೂತಕಾಲಕ್ಕೂ ಪಾಸ್ಟ್ ಪಾರ್ಟಿಸಿಪಲ್‌ಗೂ (ಹ್ಯಾವ್, ಹ್ಯಾಸ್ ಜೊತೆ ಬರುವ ರೂಪಕ್ಕೂ) ಒಂದೇ ರೂಪ: ವಾಕ್ಡ್, ಹ್ಯಾವ್ ವಾಕ್ಡ್. ಗೋ, ಸೀ ಥರ ಬೇರೆ ಬೇರೆ ರೂಪ ಇಟ್ಟುಕೊಂಡವು ಕಡಿಮೆ. ಆಡುಮಾತು ಅವನ್ನೂ ಇದೇ ದಾರಿಗೆ ಎಳೆಯುತ್ತದೆ. ಕೆಲವು ಕಡೆ ಭೂತಕಾಲದ ರೂಪ ಉಳಿಯುತ್ತದೆ (ಹ್ಯಾವ್ ವೆಂಟ್, ಹ್ಯಾವ್ ಟುಕ್), ಕೆಲವು ಕಡೆ ಪಾರ್ಟಿಸಿಪಲ್ (ಐ ಸೀನ್, ಐ ಡನ್).

ಇನ್ನೊಂದು ವಿಷಯ. ವೆಂಟ್ ಅನ್ನೋದು ಮೂಲದಲ್ಲಿ ಗೋ ಪದದ್ದೇ ಅಲ್ಲ. ವೆಂಡ್ ಅನ್ನುವ ಬೇರೆ ಕ್ರಿಯಾಪದದ್ದು, ಸೆಂಡ್, ಸೆಂಟ್ ಇದ್ದ ಹಾಗೆ. ಹ್ಯಾವ್ ಸೆಂಟ್ ಸರಿಯಾದರೆ, ಹ್ಯಾವ್ ವೆಂಟ್ ಯಾರದೋ ಬಾಯಲ್ಲಿ ಬಂದಿದ್ದು ಅಷ್ಟೇನೂ ವಿಚಿತ್ರ ಅಲ್ಲ, ಅಲ್ವಾ?

ಉತ್ತರ 2:
ಇದು ಬರೀ ಓದದವರ ಭಾಷೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ. 18ನೇ ಶತಮಾನದಲ್ಲಿ ಚೆನ್ನಾಗಿ ಓದಿದವರೂ 'ಹ್ಯಾವ್ ರಿಟನ್' ಬದಲು 'ಹ್ಯಾವ್ ರೋಟ್' ಅಂತ ಬರೆಯುತ್ತಿದ್ದರು. 1762ರಲ್ಲಿ ರಾಬರ್ಟ್ ಲೌತ್ ಅನ್ನುವ ಇಂಗ್ಲಿಷ್ ಪಾದ್ರಿ ತನ್ನ ವ್ಯಾಕರಣ ಪುಸ್ತಕದಲ್ಲಿ ಇಂಥವನ್ನು ತಪ್ಪು ಅಂದ, ಅದಕ್ಕೆ ಹೆಸರಾಂತ ಕವಿಗಳ ಸಾಲುಗಳನ್ನೇ ಹೆಕ್ಕಿ ತೋರಿಸಿದ.

ಗೆಟ್ ಪದದ ಪಾರ್ಟಿಸಿಪಲ್ ಗಾಟನ್ ನೋಡಿ. ಅದು ಇಂಗ್ಲೆಂಡಿನದ್ದೇ ಹಳೆಯ ರೂಪ, ಅಲ್ಲಿ ಹೆಚ್ಚುಕಡಿಮೆ ಬಿಟ್ಟುಹೋಯಿತು, ಅಮೆರಿಕದಲ್ಲಿ ಉಳಿಯಿತು. ಅಲ್ಲಿಯವರು 'ಐ ಹ್ಯಾವ್ ಗಾಟ್ ಎ ಕಾರ್' ಅಂದರೆ ನನ್ನ ಹತ್ತಿರ ಕಾರಿದೆ ಅಂತ. 'ಹ್ಯಾವ್ ಗಾಟನ್ ಎ ಕಾರ್' ಅಂದರೆ ಈಗ ಕಾರು ಸಿಕ್ಕಿದೆ ಅಂತ. ಕೊನೆಗೆ 'ಅನ್' ಸೇರಿದರೆ ಅರ್ಥವೇ ಬೇರೆ!

ಉತ್ತರ 3:
ಎಲ್ಲಾ ಒಪ್ಪಿದೆ, ಆದರೆ ಕಲಿಯುವವರಿಗೆ ಎಲ್ಲವೂ ಸರಿ ಅಂತ ಹೇಳಿದರೆ ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ಅವರಿಗೇ ತೊಂದರೆ. ಬರೆಯುವಾಗ ಗಾನ್ ಅಂತಲೇ ಬರೆಯಿರಿ. ನಿಮ್ಮ ಟೀಮಿನ ಸ್ಕಾಟ್ಲೆಂಡಿನವರನ್ನು ಮಾತ್ರ ತಿದ್ದಲು ಹೋಗಬೇಡಿ, ಅದು ಅವರ ಮನೆಮಾತು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಈಗ ಅವರ ಹಳೆಯ ಮೇಲ್‌ಗಳನ್ನು ತೆಗೆದು ನೋಡಿದೆ. ಎಲ್ಲದರಲ್ಲೂ 'ಹ್ಯಾಸ್ ಗಾನ್' ಅಂತಲೇ ಇದೆ.