ಅರಿಜೋನಾ ಬೆಟ್ಟಗಳಲ್ಲಿ ಹಾವು ಹುಡುಕಾಟ: ಮೂರು ಸಲ ಹೋದರೂ ಬರಿಗೈ

ಬಿಸಿಲುಗುದುರೆ (ಪ್ರಶ್ನೆ)

ಟೂಸಾನ್‌ಗೆ ಬಂದು ಎಂಟು ತಿಂಗಳಾಯಿತು. ಅರಿಜೋನಾದಲ್ಲಿ 13 ಬಗೆಯ, ಬಾಲದ ತುದಿಯ ಗಿಲಕಿ ಆಡಿಸುವ ವಿಷಕಾರಿ ರ‍್ಯಾಟಲ್‌ಸ್ನೇಕ್‌ಗಳಿವೆ, ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ ಎಂದು ಓದಿ ಆಸೆ ಹುಟ್ಟಿತು. ಜೂನ್‌ನಲ್ಲಿ ಮೂರು ಶನಿವಾರ ಕ್ಯಾಟಲೀನಾ ಬೆಟ್ಟಗಳ ತಪ್ಪಲಲ್ಲಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅಲೆದೆ. ಸಿಕ್ಕ ಸಿಕ್ಕ ಕಲ್ಲನ್ನೆಲ್ಲ ಎತ್ತಿ ನೋಡಿದೆ. ಕಂಡದ್ದು ನಾಲ್ಕು ಹಲ್ಲಿ, ಒಂದು ಚೇಳು; ಜೊತೆಗೆ ಸೊಂಟನೋವು. ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯನ್ನು ನೋಡಬೇಕೆಂಬ ಹುಚ್ಚೂ ಇದೆ. ಎಲ್ಲಿ ತಪ್ಪುತ್ತಿದ್ದೇನೆ? ಖಚಿತವಾದ ಜಾಗವನ್ನೇ ಯಾರಾದರೂ ತಿಳಿಸಿದರೆ ಉಪಕಾರ.

ಕಲ್ಲುಹಾದಿ

ತಪ್ಪಿರುವುದು ಜಾಗವಲ್ಲ, ಗಡಿಯಾರ. ಜೂನ್ ಮಧ್ಯಾಹ್ನ ಆ ತಪ್ಪಲಲ್ಲಿ ಗಾಳಿಯೇ 40 ಡಿಗ್ರಿಯ ಆಚೀಚೆ ಇರುತ್ತದೆ, ನೆಲ ಇನ್ನೂ ಬಿಸಿ. ಅಂಥ ನೆಲದ ಮೇಲೆ ಸ್ವಲ್ಪ ಹೊತ್ತು ಸಿಕ್ಕಿಬಿದ್ದರೂ ಹಾವು ಸಾಯುತ್ತದೆ. ನೀವು ಬೇಯುತ್ತಿದ್ದಾಗ ಅದು ಬಿಲದೊಳಗೆ ತಣ್ಣಗೆ ಮಲಗಿತ್ತು.

ಸಾಮಾನ್ಯವಾಗಿ ಜುಲೈ ಆರಂಭದಲ್ಲಿ ಇಲ್ಲಿಯ ಮಾನ್ಸೂನ್ ಶುರುವಾಗುತ್ತದೆ. ಎರಡು ಮಳೆ ಬೀಳುವ ತನಕ ಕಾಯಿರಿ. ಆಮೇಲೆ ಬೆಳಗಿನ ಹೊತ್ತು ಮೇಲಕ್ಕೆ ಹೋಗಿ. ಟೂಸಾನ್ ಸುಮಾರು 730 ಮೀಟರ್ ಎತ್ತರದಲ್ಲಿದೆ, ಕ್ಯಾಟಲೀನಾದ ಲೆಮನ್ ಶಿಖರ 2,791 ಮೀಟರ್. ಕಳ್ಳಿಗಿಡಗಳ ನಡುವೆ ಹೊರಟ ಕಾರು ಒಂದೇ ಗಂಟೆಯಲ್ಲಿ ಪೈನ್ ಕಾಡು ಸೇರುತ್ತದೆ. ಎತ್ತರದೊಂದಿಗೆ ಹಾವುಗಳೂ ಬದಲಾಗುತ್ತವೆ: ಕೆಳಗಿನ ಬಂಡೆಗಳಲ್ಲಿ ಟೈಗರ್ ರ‍್ಯಾಟಲ್‌ಸ್ನೇಕ್, ಮೇಲೆ ಕಪ್ಪು ಬಣ್ಣದ ಅರಿಜೋನಾ ಬ್ಲ್ಯಾಕ್.

ಇನ್ನು ಕಲ್ಲೆತ್ತುವ ವಿಚಾರ. ಇದಕ್ಕೆ ನನ್ನದು ಖಡಾಖಂಡಿತ ವಿರೋಧ. ವರ್ಷಗಟ್ಟಲೆ ಅಲುಗದೆ ಕೂತ ಕಲ್ಲಿನಡಿ ಇರುವ ತೇವ, ನೀವು ಅದನ್ನು ಹಾಗೆಯೇ ಇಟ್ಟೆ ಎಂದುಕೊಂಡರೂ ಹಾಗೆಯೇ ಉಳಿಯುವುದಿಲ್ಲ. ಕಿಸೆಯಲ್ಲಿ ಪುಟ್ಟ ಕನ್ನಡಿ ಇಟ್ಟುಕೊಳ್ಳಿ. ಬಿಸಿಲನ್ನು ಬಂಡೆಯ ಸಂದಿಗೆ ತಿರುಗಿಸಿದರೆ ಒಳಗಿನ ಹುರುಪೆ ಫಳಕ್ಕನೆ ಹೊಳೆಯುತ್ತದೆ. ಟಾರ್ಚ್‌ಗಿಂತ ಇದೇ ವಾಸಿ.

ಒಮ್ಮೆ ಚಿರಿಕಾವಾ ಬೆಟ್ಟಗಳಲ್ಲಿ, ಉದುರು ಕಲ್ಲುಗಳ ಇಳಿಜಾರಿನಲ್ಲಿ, ಅರ್ಧ ಗಂಟೆ ಕೂತು ಬ್ರೆಡ್ ತಿಂದೆ. ಪಕ್ಕದಲ್ಲೇ ಜೀರುಂಡೆ ಕಿರ್ರೆನ್ನುತ್ತಿತ್ತು. ಎದ್ದು ನಿಂತಾಗ ನೋಡುತ್ತೇನೆ, ಒಂದು ಮಾರು ದೂರದಲ್ಲಿ ಟ್ವಿನ್‌ಸ್ಪಾಟೆಡ್ ರ‍್ಯಾಟಲ್‌ಸ್ನೇಕ್! ಎರಡಡಿಯನ್ನೂ ಮುಟ್ಟದ ಹಾವು, ಅದರ ಗಿಲಕಿಯ ಸದ್ದು ಅಷ್ಟೇ ಸಣ್ಣದು. ಅದಕ್ಕೂ ಮೊದಲಿನ ಎರಡು ದಿನ ನಾನು ಎಷ್ಟು ‘ಜೀರುಂಡೆ’ಗಳನ್ನು ದಾಟಿ ನಡೆದಿದ್ದೆನೋ!

ಜಾಗ ಮಾತ್ರ ಹೇಳುವುದಿಲ್ಲ. ಬೇಸರ ಬೇಡ. ಹಾವು ಕದ್ದು ಮಾರುವವರೂ ಇಂಥ ಪುಟಗಳನ್ನು ಓದುತ್ತಾರೆ.

ರಾತ್ರಿಪಾಳಿ

ಕಲ್ಲುಹಾದಿಯವರು ಬೆಟ್ಟ ಹತ್ತುವವರು, ನಾನು ಸೋಮಾರಿ. ಮಳೆ ಬಂದ ಸಂಜೆ ಕತ್ತಲಾಗುತ್ತಿದ್ದಂತೆ ವಾಹನ ವಿರಳವಾದ ಡಾಂಬರು ರಸ್ತೆಯಲ್ಲಿ ನಿಧಾನಕ್ಕೆ ಕಾರು ಓಡಿಸುತ್ತೇನೆ. ನಡೆದು ಕಂಡದ್ದಕ್ಕಿಂತ ಹೆಚ್ಚು ಹಾವುಗಳನ್ನು ಹಾಗೆಯೇ ಕಂಡಿದ್ದೇನೆ. ಒಣಹಳ್ಳದಲ್ಲಿ ಮಾತ್ರ ಕಾರು ನಿಲ್ಲಿಸಬೇಡಿ: ನಿಮ್ಮ ತಲೆಯ ಮೇಲೆ ನಕ್ಷತ್ರವಿದ್ದರೂ ಮೇಲಿನ ಕಣಿವೆಯಲ್ಲಿ ಬಿದ್ದ ಮಳೆ ಪ್ರವಾಹವಾಗಿ ಬಂದುಬಿಡುತ್ತದೆ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಬಾವು ಏರುವ ಮೊದಲೇ ಉಂಗುರ ತೆಗೆಯಿರಿ.

ಬಿಸಿಲುಗುದುರೆ

ಗಿಲಾ ಮಾನ್‌ಸ್ಟರ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ?

ಕಲ್ಲುಹಾದಿ

ಅದು ಆಯುಷ್ಯದ ಬಹುಪಾಲನ್ನು ನೆಲದಡಿಯಲ್ಲೇ ಕಳೆಯುವ ಪ್ರಾಣಿ. ಬಾಲದಲ್ಲಿ ಕೊಬ್ಬು ಕೂಡಿಟ್ಟುಕೊಂಡಿರುತ್ತದೆ, ಹಾಗಾಗಿ ಊಟಕ್ಕೆ ಅವಸರವಿಲ್ಲ. ಮಳೆಗಾಲದಲ್ಲಿ ಸಿಕ್ಕರೆ ಅದೃಷ್ಟ. ಸಿಗದಿದ್ದರೆ ಬರುವ ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಹೊತ್ತು ತಪ್ಪಲಲ್ಲೇ ನಡೆಯಿರಿ, ಎತ್ತರಕ್ಕೆ ಹೋಗಬೇಕಿಲ್ಲ. 1952ರಿಂದ ಇಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಇದೆ. ದೂರದಿಂದ ಚಿತ್ರ ತೆಗೆಯಿರಿ, ಕೈ ಹಾಕಬೇಡಿ. ಅದು ಕಚ್ಚಿದರೆ ಸುಲಭಕ್ಕೆ ಬಿಡುವುದಿಲ್ಲ.

ಬಿಸಿಲುಗುದುರೆ (ಜುಲೈ 27)

ನಿನ್ನೆ ಬೆಳಿಗ್ಗೆ ಆರೂವರೆಗೆ, ಒಂದು ಕಲ್ಲನ್ನೂ ಮುಟ್ಟದೆ, ಬ್ಲ್ಯಾಕ್‌ಟೇಲ್ಡ್ ರ‍್ಯಾಟಲ್‌ಸ್ನೇಕ್ ನೋಡಿದೆ. ಮೈ ಹಳದಿ ಹಸಿರು, ಬಾಲ ಮಸಿ ಬಳಿದಂತೆ. ಬಂಡೆಯ ಅಂಚಿನಲ್ಲಿ ಸುರುಳಿ ಸುತ್ತಿಕೊಂಡಿತ್ತು, ಗಿಲಕಿಯನ್ನೂ ಆಡಿಸಲಿಲ್ಲ. ಇಪ್ಪತ್ತು ನಿಮಿಷ ನಿಂತೆ. ಕನ್ನಡಿ ಕಿಸೆಯಲ್ಲೇ ಉಳಿಯಿತು.

ರಾತ್ರಿಪಾಳಿ

ಭಲೇ! ಯಾವ ಕಣಿವೆ?

ಬಿಸಿಲುಗುದುರೆ

ಅದೊಂದನ್ನು ಬಿಟ್ಟು ಬೇರೆ ಏನನ್ನಾದರೂ ಕೇಳಿ.