ಬಬಲ್ ಟಿಪ್ ಅನಿಮೋನ್ ಬಿಳಿಚಿಕೊಳ್ಳುತ್ತಿದೆ, ಬಾಯಿ ತೆರೆದೇ ಇದೆ

ಪ್ರಶ್ನೆ:
200 ಲೀಟರ್ ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ), ವರ್ಷ ದಾಟಿದೆ. ಒಂದು ರೋಸ್ ಬಬಲ್ ಟಿಪ್ ಅನಿಮೋನ್ (ಬಂಡೆಗೆ ಅಂಟಿ ಬದುಕುವ, ಹೂವಿನಂತೆ ಕಾಣುವ ಸಮುದ್ರಜೀವಿ), ಒಂದು ಜೋಡಿ ಕ್ಲೌನ್‌ಫಿಶ್, ಕೆಲವು ಸಾಫ್ಟ್ ಕೋರಲ್. ಮೂರು ವಾರದ ಹಿಂದೆ ಟಿ5 ಟ್ಯೂಬ್ ತೆಗೆದು ಎಲ್‌ಇಡಿ ಹಾಕಿದೆ. ನೀಲಿ 100%, ಬಿಳಿ 60%, ದಿನಕ್ಕೆ ಹತ್ತು ಗಂಟೆ. ಮೊದಲ ವಾರ ಬಣ್ಣ ಇನ್ನೂ ಹೊಳಪಾಯಿತು. ಆಮೇಲೆ ಕಂದು ನೂಲಿನಂಥದ್ದನ್ನು ಉಗುಳತೊಡಗಿತು. ಈಗ ಕರಬಳ್ಳಿಗಳು ತೆಳ್ಳಗಾಗಿ ಬೆಳಕು ಆರಪಾರ ಕಾಣುತ್ತದೆ, ಬಾಯಿ ಸಡಿಲವಾಗಿದೆ. ವಾರಕ್ಕೊಂದು ಇಡೀ ಸೀಗಡಿ ಕೊಡುತ್ತೇನೆ, ರಾತ್ರಿ ಹೊರಹಾಕುತ್ತದೆ. ಉಷ್ಣತೆ 26 ಡಿಗ್ರಿ, ಆಲ್ಕಲಿನಿಟಿ (ಕ್ಷಾರತೆ) 8.2 ಡಿಕೆಹೆಚ್, ಕ್ಯಾಲ್ಸಿಯಂ 420, ನೈಟ್ರೇಟ್ 0, ಫಾಸ್ಫೇಟ್ 0, ಹೈಡ್ರೋಮೀಟರ್‌ನಲ್ಲಿ (ಉಪ್ಪಿನಂಶ ತಿಳಿಯುವ ಸಾಧನ) 1.025. ಜಿಎಫ್‌ಒ ರಿಯಾಕ್ಟರ್ (ನೀರಿನ ಫಾಸ್ಫೇಟ್ ಹೀರುವ ಸಾಧನ) ಸದಾ ಓಡುತ್ತಿರುತ್ತದೆ.

ಉತ್ತರ 1:
ಮೊದಲ ವಾರದ ಆ ಹೊಳಪೇ ಮೊದಲ ಎಚ್ಚರಿಕೆ. ಅನಿಮೋನ್‌ನ ಕಂದು ಛಾಯೆ ಅದರ ಅಂಗಾಂಶದೊಳಗಿದ್ದು ಬೆಳಕಿನಿಂದ ಆಹಾರ ಮಾಡಿಕೊಡುವ ಜೂಕ್ಸಾಂಥೆಲ್ಲೆ ಪಾಚಿಯದು. ಗುಲಾಬಿ, ಹಸಿರು ಮಾತ್ರ ಪ್ರಾಣಿಯೇ ತಯಾರಿಸುವ ಪ್ರೋಟೀನು. ಪಾಚಿ ಕಳೆದುಹೋದಾಗ ಕಂದು ಹೋಗಿ ಗುಲಾಬಿ ಒಂದೇ ಉಳಿಯುತ್ತದೆ, ನೋಡುವವರಿಗೆ ಬಣ್ಣ ಸುಧಾರಿಸಿದಂತೆ ಕಾಣುತ್ತದೆ. ಬೆಳಕು ಒಮ್ಮೆಲೇ ಹೆಚ್ಚಾದರೆ ಪಾಚಿಯೊಳಗೆ ಹಾನಿಕರ ಆಮ್ಲಜನಕ ರೂಪಗಳು ಹುಟ್ಟುತ್ತವೆ. ಅದನ್ನು ತಾಳಲಾರದೆ ಅನಿಮೋನ್ ಪಾಚಿಯನ್ನೇ ಹೊರದಬ್ಬುತ್ತದೆ. ನಿಮಗೆ ಕಾಣುತ್ತಿರುವ ಕಂದು ನೂಲಿನಲ್ಲಿ ಬಹುಪಾಲು ಅದೇ ಇರಬೇಕು.

ಇವತ್ತೇ ನೀಲಿಯನ್ನು 40%ಗೆ, ಬಿಳಿಯನ್ನು 10%ಗೆ ಇಳಿಸಿ, ಎಂಟು ಗಂಟೆ ಸಾಕು. ಎಲ್ಲಾದರೂ ಪಾರ್ ಮೀಟರ್ (ಪಾಚಿಗೆ ಉಪಯೋಗವಾಗುವ ಬೆಳಕು ಅಳೆಯುವ ಸಾಧನ) ಸಿಕ್ಕರೆ ಅನಿಮೋನ್ ಕೂತ ಜಾಗದಲ್ಲೇ ಅಳೆಯಿರಿ. ಈ ಸ್ಥಿತಿಯಲ್ಲಿ 80ರಿಂದ 100 ಇದ್ದರೆ ಒಳ್ಳೆಯದು, ಚೇತರಿಸಿಕೊಂಡ ಮೇಲೆ 150ರಿಂದ 250. ಎರಡು ವಾರ ಹಾಗೇ ಬಿಟ್ಟು, ನಂತರ ವಾರಕ್ಕೆ 5% ಏರಿಸಿ. ಪೂರ್ತಿ ಕತ್ತಲು ಮಾಡಬೇಡಿ. ಉಳಿದಿರುವ ಪಾಚಿಗೂ ಬೆಳಕು ಬೇಕಲ್ಲ.

ಜಾಗ ಬದಲಿಸಲು ಹೋಗಬೇಡಿ. ಬಂಡೆಯಿಂದ ಕಿತ್ತರೆ ಪಾದ ಹರಿಯುತ್ತದೆ. ಬಿಳಿಚಿದ ಅನಿಮೋನ್‌ನ ಪಾದ ಹರಿದರೆ ಉಳಿಯುವುದು ಕಷ್ಟ.

ಉತ್ತರ 2:
ಬೆಳಕಿನ ವಿಚಾರ ಒಪ್ಪುತ್ತೇನೆ, ಆದರೆ ಅದು ಅರ್ಧ ಕಾರಣ ಮಾತ್ರ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಇರುವ ನೀರಿನಲ್ಲಿ ಪಾಚಿ ಮತ್ತೆ ಬೆಳೆಯುವುದಕ್ಕೆ ಗೊಬ್ಬರವೇ ಇಲ್ಲ. ಗಾಜಿನಂಥ ನೀರು ನೋಡಲು ಚೆಂದ, ಅನಿಮೋನ್‌ಗೆ ಉಪವಾಸ. ಜಿಎಫ್‌ಒ ತೆಗೆಯಿರಿ, ಮೀನಿಗೆ ಆಹಾರ ಸ್ವಲ್ಪ ಹೆಚ್ಚಿಸಿ. ಗುರಿ: ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಫಾಸ್ಫೇಟ್ 0.03ರಿಂದ 0.1. ಎರಡು ವಾರದಲ್ಲೂ ನೈಟ್ರೇಟ್ ಏರದಿದ್ದರೆ ಶುದ್ಧ ಸೋಡಿಯಂ ನೈಟ್ರೇಟ್ ಹಾಕಬಹುದು. 200 ಲೀಟರಿಗೆ 0.27 ಗ್ರಾಂ ಹಾಕಿದರೆ ಸುಮಾರು 1 ಪಿಪಿಎಂ ಏರುತ್ತದೆ. ದಿನಕ್ಕೆ ಅದಕ್ಕಿಂತ ಹೆಚ್ಚು ಬೇಡ.

ಇಡೀ ಸೀಗಡಿ ನಿಲ್ಲಿಸಿ. ದುರ್ಬಲ ಅನಿಮೋನ್‌ಗೆ ಅದನ್ನು ಅರಗಿಸುವ ಶಕ್ತಿ ಇರುವುದಿಲ್ಲ, ಅರ್ಧ ಕೊಳೆತದ್ದನ್ನು ವಾಪಸು ಉಗುಳುತ್ತದೆ. ಅಷ್ಟು ಶ್ರಮವೂ ನಷ್ಟ, ನೀರೂ ಹಾಳು. ಸುಲಿದ ಸೀಗಡಿಯನ್ನು ಅರ್ಧ ಸೆಂಟಿಮೀಟರಿನ ಚೂರು ಮಾಡಿ, ಅಥವಾ ಕರಗಿಸಿದ ಮೈಸಿಸ್ (ಪುಟ್ಟ ಸೀಗಡಿಯಂಥ ಜೀವಿ) ನಾಲ್ಕೈದು, ವಾರಕ್ಕೆ ಎರಡು-ಮೂರು ಸಲ. ಪಂಪು ನಿಲ್ಲಿಸಿ, ಪಿಪೆಟ್‌ನಿಂದ ಕರಬಳ್ಳಿಯ ಮೇಲೆ ಬಿಡಿ, ಬಾಯಿಗೆ ತುರುಕಬೇಡಿ. ಹತ್ತು ನಿಮಿಷದಲ್ಲಿ ಹಿಡಿದುಕೊಳ್ಳದಿದ್ದರೆ ತೆಗೆದುಬಿಡಿ.

ಇನ್ನೊಂದು ಮಾತು: ಹೈಡ್ರೋಮೀಟರ್ ನಂಬಬೇಡಿ. ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ರಿಫ್ರಾಕ್ಟೋಮೀಟರ್ ತನ್ನಿ, 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣದಿಂದಲೇ ಸರಿಹೊಂದಿಸಿ ಅಳೆಯಿರಿ.

ಪ್ರಶ್ನೆ ಕೇಳಿದವರು:
ಅಳೆದೆ, 31 ಪಿಪಿಟಿ ಬಂತು! ಇವತ್ತೇ ಉಪ್ಪು ಹಾಕಲೇ? ಕ್ಲೌನ್‌ಫಿಶ್ ಇಡೀ ದಿನ ಅದರೊಳಗೇ ಉರುಳಾಡುತ್ತವೆ, ಬೇರೆ ಇಡಬೇಕೇ?

ಉತ್ತರ 2:
ಉಪ್ಪನ್ನು ಟ್ಯಾಂಕಿಗೆ ನೇರ ಹಾಕಬೇಡಿ. ಆವಿಯಾದ ನೀರಿಗೆ ಬದಲು ಆರ್‌ಓ ನೀರು ತುಂಬುತ್ತೀರಲ್ಲ, ಅದರ ಬದಲು 35 ಪಿಪಿಟಿಯ ಉಪ್ಪುನೀರು ತುಂಬಿ. ದಿನಕ್ಕೆ ಎರಡು ಲೀಟರ್ ಆವಿಯಾಗುತ್ತದೆ ಎಂದಿಟ್ಟುಕೊಂಡರೆ 70 ಗ್ರಾಂ ಉಪ್ಪು ಸೇರುತ್ತದೆ, ಅಂದರೆ 0.35 ಪಿಪಿಟಿ ಏರಿಕೆ. ಹನ್ನೊಂದು-ಹನ್ನೆರಡು ದಿನದಲ್ಲಿ 35 ಮುಟ್ಟುತ್ತೀರಿ, ಅನಿಮೋನ್‌ಗೆ ಏಟೂ ಬೀಳುವುದಿಲ್ಲ. ಮುಟ್ಟಿದ ದಿನವೇ ಆರ್‌ಓ ನೀರಿಗೆ ಮರಳಿ. ಉಪ್ಪಿನೊಂದಿಗೆ ಆಲ್ಕಲಿನಿಟಿಯೂ ಏರುವುದರಿಂದ ಮೂರು ದಿನಕ್ಕೊಮ್ಮೆ ಅಳೆಯುತ್ತಿರಿ.

ಉತ್ತರ 1:
ಮೀನುಗಳ ಉರುಳಾಟದಿಂದ ಅನಿಮೋನ್ ಹಗಲೆಲ್ಲ ಮುದುಡಿಯೇ ಇದ್ದರೆ ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕಿ. ಅರಳುತ್ತಿದ್ದರೆ ಬೇಡ. ಬೆಳಕು ಬದಲಾದಾಗ ಅನಿಮೋನ್ ನಡೆಯುವುದುಂಟು, ಹಾಗಾಗಿ ವೇವ್‌ಮೇಕರ್‌ಗೆ (ನೀರನ್ನು ಅಲೆಯಾಡಿಸುವ ಪಂಪು) ಸ್ಪಂಜಿನ ಕವಚ, ಹೀಟರ್‌ಗೆ ಜಾಲರಿ ಇವತ್ತೇ ಹಾಕಿ. ಫ್ಯಾನಿಗೆ ಸಿಕ್ಕಿ ಚೂರಾದರೆ ಇಡೀ ಟ್ಯಾಂಕಿಗೆ ಅಪಾಯ.

ದಿನಕ್ಕೊಮ್ಮೆ ಕುಗ್ಗಿ ಮತ್ತೆ ಉಬ್ಬಿದರೆ ಹೆದರಬೇಡಿ, ಒಳಗಿನ ನೀರು, ಕಸ ಬದಲಿಸಿಕೊಳ್ಳುತ್ತಿರುತ್ತದೆ. ಬಾಯಿ ಒಳಹೊರಗಾಗಿ, ಮೈ ಲೋಳೆಯಂತೆ ಕಳಚಿ, ಕೊಳೆತ ವಾಸನೆ ಬಂದರೆ ಮಾತ್ರ ತಡಮಾಡದೆ ಹೊರತೆಗೆದು 30% ನೀರು ಬದಲಿಸಿ, ಆಕ್ಟಿವೇಟೆಡ್ ಕಾರ್ಬನ್ ಹಾಕಿ. ಚೇತರಿಕೆಗೆ ತಿಂಗಳುಗಳೇ ಬೇಕು. ಬಾಯಿ ಬಿಗಿಯಾಗುವುದು, ಆಹಾರ ಅಂಟಿಸಿಕೊಳ್ಳುವುದು ಮೊದಲು; ಕಂದು ಛಾಯೆ ಆಮೇಲೆ.

ಮತ್ತೊಬ್ಬರ ಪ್ರಶ್ನೆ:
ನನ್ನದು ಕಡು ಹಳದಿ ಸೀಬೆ (sebae) ಎಂಬ ಬೇರೆ ಜಾತಿಯ ಅನಿಮೋನ್. ತಂದ ಮೇಲೆ ದಿನೇ ದಿನೇ ಹಳದಿ ಮಾಸುತ್ತಿದೆ. ಇದೇ ತೊಂದರೆಯೇ?

ಉತ್ತರ 2:
ಮೈಯೆಲ್ಲ ಒಂದೇ ಹದದ ಕಡು ಹಳದಿ ಇದ್ದರೆ ಅದು ಬಹುತೇಕ ಬಣ್ಣ ಅದ್ದಿದ, ಮೊದಲೇ ಬಿಳಿಚಿದ ಅನಿಮೋನ್. ಬಣ್ಣ ಇಳಿಯುವುದು ಒಳ್ಳೆಯದೇ, ಇಳಿಯಲಿ. ಉಪಚಾರ ಮೇಲಿನದೇ: ಮಂದ ಬೆಳಕು, ಸಣ್ಣ ಚೂರು ಆಹಾರ, ಏರಿಳಿತವಿಲ್ಲದ 35 ಪಿಪಿಟಿ. ಸೀಬೆಗೆ ಪಾದ ಹೂಳಲು ಹತ್ತು ಸೆಂಟಿಮೀಟರ್ ಮರಳು, ಪಕ್ಕದಲ್ಲೊಂದು ಬಂಡೆ ಇರಲಿ.