ಅಪ್‌ಡೇಟ್: ದೂರು ದಾಖಲಿಸುವ ಸಾಫ್ಟ್‌ವೇರ್‌ನ ವಿಂಡೋ ಜೋಡಣೆ

ಗ್ರಾಹಕರ ದೂರು ದಾಖಲಿಸುವ ಸಾಫ್ಟ್‌ವೇರ್‌ನಲ್ಲಿ ಯಾವ ವಿಂಡೋ ಎಲ್ಲಿರಬೇಕು ಎಂದು ಕೇಳಿದ್ದೆ. ಮೊದಲು ಕೆಲಸ ಹೇಗೆ ನಡೆಯುತ್ತದೆ ನೋಡಿ, ಆಮೇಲೆ ಪರದೆಯ ವಿನ್ಯಾಸ ಬಿಡಿಸಿ ಎಂದು ನೀವು ಹೇಳಿದಿರಿ. ಹಾಗೇ ಮಾಡಿದೆ.

ಸಿಬ್ಬಂದಿಯ ಪಕ್ಕ ಕೂತು ಪ್ರತಿ ಹೆಜ್ಜೆ ಬರೆದುಕೊಂಡೆ. ಹೊಸ ದೂರು ಬರೆಯುವಾಗ ಅವರು ಹಳೆಯ ದೂರುಗಳನ್ನು ಮತ್ತೆ ಮತ್ತೆ ತೆರೆಯುತ್ತಾರೆ. ಮೊದಲಿನ ಜೋಡಣೆಯಲ್ಲಿ ಒಂದು ವಿಂಡೋ ಇನ್ನೊಂದನ್ನು ಮುಚ್ಚುತ್ತಿತ್ತು. ಅಲ್ಲಿ ಓದಿದ್ದನ್ನು ನೆನಪಿಟ್ಟುಕೊಂಡು ಇಲ್ಲಿ ಟೈಪ್ ಮಾಡಬೇಕಿತ್ತು. ನೆನಪಿನ ಮೇಲೆ ಇಷ್ಟು ಭಾರ ಜಾಸ್ತಿಯೇ ಅಲ್ವಾ?

ಈಗ ಹಳೆಯ ದೂರು, ಹೊಸ ದೂರು ಎರಡೂ ಒಂದೇ ವಿಂಡೋದಲ್ಲಿ ಅಕ್ಕಪಕ್ಕ ಇವೆ. ಅಪರೂಪಕ್ಕೆ ಬೇಕಾಗುವ ಸೆಟ್ಟಿಂಗ್‌ಗಳು ಮೆನುವಿಗೆ ಹೋದವು. ಡೈಲಾಗ್ ಬಾಕ್ಸ್ (ಪ್ರಶ್ನೆ ಕೇಳಲು ಮೇಲೆ ಬರುವ ಪುಟ್ಟ ವಿಂಡೋ) ಉಳಿದದ್ದು ಅಳಿಸುವ ಮುಂಚೆ ಕೇಳುವುದಕ್ಕೆ ಮಾತ್ರ.

ಚಿಕ್ಕ ಪರದೆಯಲ್ಲಿ ಇನ್ನೂ ಇಕ್ಕಟ್ಟು. ಟ್ಯಾಬ್ ಹಾಕಿದರೆ ಮತ್ತೆ ಒಂದು ಮರೆಯಾಗುತ್ತದೆ. ಅದಕ್ಕೇ ಮೇಲೆ ಕೆಳಗೆ ಜೋಡಿಸಿ ನೋಡುತ್ತಿದ್ದೇನೆ.